ಎರಡು ತಾಸಿನ ವಿಮಾನ

ನಮ್ಮ ಮನೆಯವರು ಯಾರಾದರೂ ಊರಿಗೆ ಹೊರಟರೆ, ಅವರು ಮುಟ್ಟುವವರೆಗೆ ನನ್ನ ಅಜ್ಜಿ, ಅಂದರೆ ಆಯಿ, ಕಸ ಗುಡಿಸಲು ಬಿಡುತ್ತಿರಲಿಲ್ಲ. ನಮ್ಮೂರು ಉಮರ್ಗಾದಿಂದ ನಿಲಂಗಾಕ್ಕೆ ಹೋದರೆ ಮಧ್ಯಾಹ್ನ, ಉದಗೀರಕ್ಕೆ ಹೋದರೆ ಸಂಜೆ ಕಸಬರಿಗೆ ಹೊರಬರುತ್ತಿತ್ತು. ಆದರೆ ಆಯಿಯ ಕಿರಿಮಗ, ಅರಿವೆ ವ್ಯಾಪಾರದ ಕಾಕಾ, ಹೈದರಾಬಾದಿನಿಂದ ಮುಂಬಯಿಗೆ ವಿಮಾನ ಹತ್ತಿದ ದಿನ ಆ ದಾರಿಯ ಲೆಕ್ಕ ಯಾರಿಗೂ ಗೊತ್ತಿರಲಿಲ್ಲ.

“ಎಷ್ಟ ಹೊತ್ತಿಗಿ ಮುಟ್ತಾನೋ?” ಎಂದಳು ಆಯಿ.

ನಾನು ಮೂಗು ಹಿಡಿದು, ಎಂದೂ ಕಂಡಿರದ ವಿಮಾನದ ಸಾಹೇಬನ ದನಿ ತೆಗೆದೆ: “ನಾಕನೂರ ಮೈಲ ಅದರೀ ಅವ್ವಾರ. ಬರೋಬ್ಬರಿ ಎರಡ ತಾಸು!”

ಎಲ್ಲರೂ ನಕ್ಕರು. ಆಯಿ ನಂಬಿದಳು. ಒಂಬತ್ತಕ್ಕೆ ಹಾರಿದವನು ಹನ್ನೊಂದಕ್ಕೆ ಇಳಿದು ತಂತಿ ಆಫೀಸಿನಿಂದ ತಾರು ಕೊಡಬೇಕಿತ್ತು. ಹನ್ನೆರಡಾಯಿತು, ಎರಡಾಯಿತು. ಆಯಿ ಊಟಕ್ಕೆ ಏಳಲಿಲ್ಲ.

“ಮ್ಯಾಲ ಕೆಟ್ಟ ನಿಂತ್ರ ಇಳದ ದೂಡ್ಲಿಕ್ಕ ಬರ್ತದೇನೋ?”

ಬೇರೆ ದಿನವಾಗಿದ್ದರೆ ದೂಡುವವರ ನಟನೆಯನ್ನೂ ಮಾಡುತ್ತಿದ್ದೆ. ಅಂದು ನಾನೂ ಆಯಿಯ ಜೊತೆ ಬಾಗಿಲು ಕಾಯುತ್ತ ಕೂತೆ. ನಾನೇ ಹುಟ್ಟಿಸಿದ ಎರಡು ತಾಸು ನನ್ನನ್ನೇ ಹೆದರಿಸತೊಡಗಿತ್ತು.

“ಆಯಿ, ಆ ಲೆಕ್ಕ ಸುಳ್ಳ. ನಂಗೂ ಗೊತ್ತಿಲ್ಲ.”

“ನನ್ನ ಸಮಾಧಾನಕ್ಕ ಹಂಗ ಹೇಳಬ್ಯಾಡ,” ಎಂದು ಆಕೆ ಮತ್ತೆ ಬಾಗಿಲ ಕಡೆ ನೋಡಿದಳು.

ಐದಕ್ಕೆ ತಾರು ಬಂತು: ಕಾಕಾ ಕ್ಷೇಮವಾಗಿ ಮುಟ್ಟಿದ್ದ. ಆಯಿ ಕೊರಳ ಲಿಂಗವನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ಕಸಬರಿಗೆ ತಂದು ನನ್ನ ಕೈಗಿಟ್ಟಳು.

“ಏಳ್ರೀ ವಿಮಾನದ ಸಾಹೇಬ್ರ, ಮನಿ ಗುಡಸ್ರಿ.”

ಅಂಗಳವನ್ನೂ ಬಿಡದೆ ಗುಡಿಸಿದೆ. ಬಾಯಲ್ಲಿ ವಿಮಾನದ ಎಂಜಿನ್ನಿನ ಸದ್ದು ಮಾತ್ರ ಮಾಡಲಿಲ್ಲ.