ಬಳೆಯ ಮೇಲಿನ ಬಟ್ಟೆ

ಕೊರ್ಲಹಳ್ಳಿಯ ಸೂಲಗಿತ್ತಿ ದೇವವ್ವನ ಕೈಗುಣ ಹೊಳೆಯ ಎರಡೂ ದಂಡೆಗೆ ಗೊತ್ತಿತ್ತು. ಆಗ ತುಂಗಭದ್ರೆಯ ಈ ದಂಡೆ ಮುಂಬೈ ರಾಜ್ಯ, ಆ ದಂಡೆ ಮೈಸೂರು. ಗಂಡ ಮುದಕಪ್ಪ ನಡುವೆ ಹರಿಗೋಲು ನಡೆಸುತ್ತಿದ್ದ. ೧೯೫೬ರ ಮಳೆಗಾಲದಲ್ಲಿ ಮುಂಡರಗಿಯಲ್ಲಿ ಅರಳೆ ವ್ಯಾಪಾರಿಯೊಬ್ಬರು ನಾಲ್ಕು ಮಂಚದ ಹೆರಿಗೆಮನೆ ತೆರೆದಾಗ, ಬೆಟಗೇರಿಯಿಂದ ಬಂದ ನರ್ಸಬಾಯಿ ಸಲೋಮಿ ದೇವವ್ವನನ್ನೇ ಸಹಾಯಕ್ಕೆ ಕರೆಸಿಕೊಂಡಳು.

ಮೊದಲ ದಿನವೇ ತಕರಾರು. ಮೊಣಕೈವರೆಗೆ ಸಾಬೂನು ಹಚ್ಚಿ ತಿಕ್ಕಬೇಕು. ದೇವವ್ವನ ಒಂದೊಂದು ಕೈಯಲ್ಲೂ ಡಜನ್ ಹಸಿರು ಬಳೆ.

“ಬಳಿ ತಗೀರಿ ದೇವವ್ವ. ಅವುಗಳ ಸಂದ್ಯಾಗ ಕಣ್ಣಿಗೆ ಕಾಣದ ಹುಳ ಕುಂಡ್ರತಾವ.”

“ನನ್ನ ಗಂಡ ದಿನಾ ತುಂಬಿದ ಹೊಳಿ ಮ್ಯಾಲ ಇರ್ತಾನ್ರಿ ಬಾಯಾರ. ನಿಮ್ಮ ಹುಳ ನನಗ ಕಾಣೂದಿಲ್ಲ, ಹೊಳಿ ಕಾಣತೈತಿ.”

ಸಲೋಮಿಗೆ ನಗು ಬಂತು. ದೇವವ್ವ ತಾನೇ ಒಂದು ದಾರಿ ಕಂಡುಕೊಂಡಳು. ಹಳೆಯ ಸೀರೆ ಹರಿದು, ಬಳೆಗಳನ್ನು ಮೇಲಕ್ಕೆ ಸರಿಸಿ, ಅವುಗಳ ಮೇಲೆ ಬಟ್ಟೆಯ ಪಟ್ಟಿ ಬಿಗಿದಳು. ಬಳೆಯೂ ಉಳಿಯಿತು, ನೋಡಲು ಚೊಕ್ಕಟವಾಗಿಯೂ ಕಂಡಿತು. ಸಲೋಮಿ ಸೈ ಎಂದಳು. ಅಂಗೈ, ಬೆರಳು, ಉಗುರುಗಳನ್ನು ದೇವವ್ವ ಉರಿ ಹತ್ತುವಂತೆ ತಿಕ್ಕುತ್ತಿದ್ದಳು. ಪಟ್ಟಿ ಮಾತ್ರ ಬಿಚ್ಚುತ್ತಿರಲಿಲ್ಲ. ಬಳೆ ಜಾರಿ ಒಡೆದೀತೆಂಬ ಭಯ. ಒದ್ದೆಯಾದರೆ ಒಲೆಯ ಮುಂದೆ ಕೈಚಾಚಿ ಕೂಡುತ್ತಿದ್ದಳು.

ದಸರೆ ಮುಗಿದ ವಾರ, ಮೂರು ದಿನ ನೋವು ತಿಂದಿದ್ದ ಹೆಣ್ಣುಮಗಳೊಬ್ಬಳನ್ನು ಬಂಡಿಯಲ್ಲಿ ತಂದರು. ಹೊಟ್ಟೆಯಲ್ಲಿ ಕೂಸು ಸತ್ತು ನಾರುತ್ತಿತ್ತು. ದೇವವ್ವನೇ ಕೈ ಹಾಕಿ ತೆಗೆದಳು. ಮರುದಿನ ತಾಯಿಯೂ ಹೋದಳು.

ಎರಡು ದಿನಕ್ಕೆ ದರ್ಜಿ ಖಾಸಿಂಸಾಬನ ಹೆಂಡತಿ ಜೈಬುನ್ನೀಸಾ ಹೂವೆತ್ತಿದಷ್ಟು ಸಲೀಸಾಗಿ ಹಡೆದಳು. “ದೇವವ್ವಕ್ಕ, ಇನ್ನೊಂದ ಹಡೀ ಅಂದ್ರೂ ಹಡೀತೇನಿ ನೋಡು” ಎಂದು ನಕ್ಕಳು. ಮೂರನೆಯ ದಿನ ನಡುಕ ಬಂತು. ಐದನೆಯ ದಿನ ಅವಳನ್ನು ಹೊತ್ತುಕೊಂಡು ಹೋದರು. ಆಮೇಲೆ ಹನಮಂತವ್ವ. ಅವಳಿಗೂ ಮೂರನೆಯ ದಿನವೇ ಜ್ವರ, ಅವಳೂ ಉಳಿಯಲಿಲ್ಲ.

ಸಲೋಮಿ ಹಾಸಿಗೆ ಸುಟ್ಟಳು, ಗೋಡೆಗೆ ಸುಣ್ಣ ಬಳಿಸಿದಳು, ಕತ್ತರಿಯನ್ನು ಎರಡೆರಡು ಸಲ ಕುದಿಸಿದಳು. ಫಿನೈಲಿನ ವಾಸನೆಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಊರವರು ಆ ಓಣಿಯಲ್ಲಿ ಹಾಯುವುದನ್ನೇ ಬಿಟ್ಟರು. ದೇವವ್ವನ ಮಗಳು ಮಂಜವ್ವ ಆಗಲೇ ಚೊಚ್ಚಲ ಹೆರಿಗೆಗೆ ಬಂದು ಹೆರಿಗೆಮನೆಯ ಹಿಂದಿನ ಕೋಣೆಯಲ್ಲಿದ್ದಳು.

ಸಲೋಮಿ ಔಷಧಿ ತರಲು ಗದಗಕ್ಕೆ ಹೋದ ಮಧ್ಯಾಹ್ನವೇ ಮಂಜವ್ವನಿಗೆ ನೋವೆದ್ದಿತು. ದೇವವ್ವ ಕೈ ತೊಳೆದಳು. ಸಡಿಲಾದ ಪಟ್ಟಿಯನ್ನು ಬಿಗಿಮಾಡಲು ಒಂದು ಸುತ್ತು ಬಿಚ್ಚಿದಳು. ಒಳಪದರ ಹಳದಿಗಟ್ಟಿತ್ತು. ಮೂಗಿಗೆ ಬಡಿದದ್ದು ಸಾಬೂನಿನ ವಾಸನೆಯಲ್ಲ, ಬಂಡಿಯಲ್ಲಿ ಬಂದವಳ ವಾಸನೆ.

ಹುಳ ಆಗಲೂ ಕಾಣಲಿಲ್ಲ. ಅದು ಯಾರ ಕೈ ಹಿಡಿದು ಮಂಚದಿಂದ ಮಂಚಕ್ಕೆ ನಡೆದಿತ್ತೆಂಬುದು ಕಂಡಿತು.

“ಯವ್ವಾ, ಎಲ್ಲಿ ಹ್ವಾದಿ? ಜಲ್ದಿ ಬಾ!”

“ಬಂದ್ನಿ. ತಿಣುಕಬ್ಯಾಡ, ತಡಿ!”

ಪಟ್ಟಿಗಳನ್ನು ಒಲೆಗೆ ಎಸೆದಳು. ಬಳೆಗಳಿಗೆ ಸಾಬೂನು ಹಚ್ಚಿ ಎಳೆದಳು. ದುಡಿದು ದಪ್ಪವಾದ ಗೆಣ್ಣುಗಳನ್ನು ಅವು ದಾಟಲಿಲ್ಲ. ಮುದಕಪ್ಪ ನಡುಹೊಳೆಯಲ್ಲಿರುವ ಹೊತ್ತು. ದೇವವ್ವ ಅತ್ತ ನೋಡಲಿಲ್ಲ. ಒಗೆಯುವ ಕಲ್ಲಿನ ಮೇಲೆ ಮಣಿಕಟ್ಟು ಇಟ್ಟಳು. ಮೊದಲು ಎಡಗೈಯ ಬಳೆ ಒಡೆದಳು, ಆಮೇಲೆ ಬಲಗೈಯವು. ಮೊಣಕೈವರೆಗೆ ತಿಕ್ಕಿ, ಕುದಿಸಿದ ನೀರು ಸುರಿದುಕೊಂಡು ಒಳಗೆ ಬಂದಳು.

ಮಂಜವ್ವ ಆ ಕೈಗಳನ್ನು ನೋಡಿ ನೋವನ್ನೇ ಮರೆತಳು. “ಯವ್ವಾ... ಅಪ್ಪಗ ಏನಾತು?”

“ಏನೂ ಆಗಿಲ್ಲ. ಈಗ ತಿಣುಕು.”

ಹೆಣ್ಣು ಹುಟ್ಟಿತು. ಮೂರನೆಯ ದಿನ ಬೀದಿಯಲ್ಲಿ ಹೊಸ ರಾಜ್ಯದ ಮೆರವಣಿಗೆ ಹೋಗುತ್ತಿತ್ತು. ದೇವವ್ವ ಮಗಳ ಹಣೆಯಿಂದ ಕೈ ತೆಗೆಯಲಿಲ್ಲ. ಹಣೆ ತಣ್ಣಗಿತ್ತು, ಜ್ವರ ಬರಲಿಲ್ಲ. ಮೊಮ್ಮಗಳನ್ನು ನೋಡಲು ಬಂದ ಮುದಕಪ್ಪ ಬಾಗಿಲಲ್ಲೇ ನಿಂತ. “ಏನ್ಲೇ, ನಾ ಸತ್ತ ಖಬರ ನನಗೊಬ್ಬಂಗ ತಿಳಿಸಿಲ್ಲೇನ?”

ಅವಳು ನಗಲಿಲ್ಲ. ಸಂಜೆ ಸಲೋಮಿಗೆ ಎಲ್ಲ ಹೇಳಿದಳು. ಸಲೋಮಿ, “ನಾನೂ ನೋಡಿ ಸೈ ಅಂದಿದ್ದೆ” ಎಂದಳು.

ದೀಪಾವಳಿ ಮುಗಿದ ಮೇಲೆ ಶಿರಹಟ್ಟಿ ಕಡೆಯ ಬಂಡಿಯೊಂದು ನೋವೆದ್ದ ಹುಡುಗಿಯೊಬ್ಬಳನ್ನು ಹೊತ್ತು ಬಂದು ನಿಂತಿತು. ಮೊದಲು ಹುಡುಗಿಯ ಅತ್ತೆ ಇಳಿದಳು, ಅವಳ ಹಿಂದೆ ಕೈತುಂಬ ಬಳೆ ತೊಟ್ಟ ಅವರ ಊರ ಸೂಲಗಿತ್ತಿ. ದೇವವ್ವ ಬಾಗಿಲಿಗೆ ಅಡ್ಡ ನಿಂತಳು.

“ಬಾಯಾರು ಅದಾರ, ನಾ ಅದೇನಿ. ಆಕಿ ಒಳಗ ಬರೂದಾದ್ರ ಬಳಿ ತಗೀಲಿ.”

ಅತ್ತೆ ಅವಳ ಕೈ ನೋಡಿದಳು. “ಬರೇ ಕೈಯಾಕಿ ನನ್ನ ಸೊಸೀನ್ನ ಮುಟ್ಟೂದಾ? ಹೊಡೀಲೇ ಬಂಡಿ, ಮನ್ಯಾಗ ಹಡೀಲಿ.”

ಸಲೋಮಿ ಹೊರಬರುವಷ್ಟರಲ್ಲಿ ಎತ್ತುಗಳು ತಿರುಗಿದ್ದವು. ಬಂಡಿಯೊಳಗೆ ಹುಡುಗಿ ನರಳುತ್ತಿದ್ದಳು. ದೇವವ್ವ ಊರ ಹೊರಗಿನವರೆಗೂ ಬಂಡಿಯ ಹಿಂದೆ ನಡೆದಳು, “ಕೈ ಆದ್ರೂ ಕುದಿಸಿದ ನೀರಾಗ ತೊಳೀರಿ, ಮೊಣಕೈತನಕ” ಎನ್ನುತ್ತ.