ಓಟಗಾತಿಯ ಅಳತೆ

ದರ್ಜಿಯ ಮಗಳನ್ನು ಓಣಿಯವರೆಲ್ಲ ಗುಂಡಿ ಎಂದೇ ಕರೆಯುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅಪ್ಪನ ಅಂಗಡಿ. ಶಾಲೆಯಿಂದ ಬಂದವಳೇ ಅಲ್ಲಿ ಕೂತು ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಳು. ಹೊಲಿಯುತ್ತಲೇ ಮಾತು, ಮಾತಿನ ಭರದಲ್ಲಿ ಬೆರಳಿಗೆ ಸೂಜಿ. ಹದಿಮೂರರ ಹುಡುಗಿಗೆ ಲೋಕದಲ್ಲಿ ಯಾವುದೂ ಸಣ್ಣ ವಿಷಯವಲ್ಲ.

ಆ ಮಾತಿನಲ್ಲಿ ಮುಕ್ಕಾಲು ಪಾಲು ಕಾಗದದ ಗೆಳತಿಯದು. ಟೀಚರು ಕೊಟ್ಟ ಯಾವುದೋ ವಿಳಾಸಕ್ಕೆ ಗುಂಡಿ ಬರೆದ ಕಾಗದ ಇನ್ನೊಂದು ಖಂಡದಲ್ಲಿದ್ದ, ಇವಳದೇ ವಯಸ್ಸಿನ ಹುಡುಗಿಯ ಕೈ ಸೇರಿತ್ತು. ಅಂದಿನಿಂದ ಇಬ್ಬರೂ ಬಿಡದೆ ಬರೆದುಕೊಳ್ಳುತ್ತಿದ್ದರು. ಆ ಹುಡುಗಿ ಓಡುತ್ತಿದ್ದಳು. ಪ್ರತಿ ಕಾಗದದಲ್ಲೂ ಒಂದು ಓಟ, ಪ್ರತಿ ಓಟದಲ್ಲೂ ಅವಳೇ ಮೊದಲು. ಸೀಟಿ ಊದಿದ್ದು, ಕೊನೆಯ ತಿರುವಿನಲ್ಲಿ ಹಿಂದಿನವಳ ಉಸಿರು ಕತ್ತಿಗೆ ತಾಗಿದ್ದು, ಎಲ್ಲವನ್ನೂ ಗುಂಡಿ ಊಟದ ಹೊತ್ತಿಗೆ ಓದಿ ಹೇಳುತ್ತಿದ್ದಳು.

"ನಿನ್ನ ಓಟಗಾತಿ ಒಂದಿನ ಓಡ್ತಾ ಓಡ್ತಾ ಇಲ್ಲಿಗೇ ಬಂದ್ಬಿಡ್ತಾಳೆ ನೋಡು" ಎಂದು ಅಮ್ಮ ಕಾಡಿಸುತ್ತಿದ್ದಳು.

ಗೆಳತಿಯ ಹುಟ್ಟಿದ ದಿನಕ್ಕೆ ಅಪ್ಪನ ಕೈಯಲ್ಲಿ ಉದ್ದನೆಯ ಫ್ರಾಕು ಹೊಲಿಸಿ ಕಳಿಸುವುದು ಗುಂಡಿಯ ಆಸೆ. ಅಳತೆ ಕಳಿಸು ಎಂದು ಬರೆದಳು. ಬಹಳ ದಿನ ಉತ್ತರವಿಲ್ಲ. ಕೊನೆಗೆ ಬಂದ ಕಾಗದದಲ್ಲಿ ಓಟವೇ ಇರಲಿಲ್ಲ, ಅಳತೆ ಮಾತ್ರ. ಅದೂ ವಿಚಿತ್ರ. ಹೆಗಲಿನಿಂದ ಸೊಂಟಕ್ಕೆ ಎಡಗಡೆ ಒಂದು ಅಳತೆ, ಬಲಗಡೆ ಇನ್ನೊಂದು. ಸೊಂಟದಿಂದ ನೆಲಕ್ಕೂ ಹಾಗೆಯೇ.

"ತಪ್ಪಿ ಬರ್ದಿದ್ದಾಳಪ್ಪ" ಎಂದಳು ಗುಂಡಿ.

ಅಪ್ಪ ಕನ್ನಡಕ ಏರಿಸಿ ನೋಡಿದ. "ಇದು ತಪ್ಪಲ್ಲ ಮರಿ. ಯಾರೋ ನಿಧಾನವಾಗಿ ಟೇಪು ಹಿಡಿದು ತೆಗೆದಿದ್ದಾರೆ. ಒಂದು ಹೆಗಲು ತಗ್ಗು, ಬೆನ್ನು ವಾಲಿದೆ. ಒಂದು ಕಾಲು ಗಿಡ್ಡ."

"ಮತ್ತೆ ಓಟ?"

ಅಪ್ಪ ಸೀಮೆಸುಣ್ಣವನ್ನು ಕೈಯಲ್ಲಿ ತಿರುಗಿಸುತ್ತ ಕೂತ. "ಈ ಕಾಲಲ್ಲಿ ಓಡೋದು ಕಷ್ಟ ಕಣೇ."

ಗುಂಡಿಗೆ ತಲೆಬುಡ ತಿಳಿಯಲಿಲ್ಲ. ಸುಳ್ಳು ಹೇಳಿದಳಲ್ಲ ಎಂದು ಸಿಟ್ಟು ನೆತ್ತಿಗೇರಿತು. ಮರುಗಳಿಗೆಯೇ ಅಳು ಬಂತು. ಆ ಓಟಗಳಿಗೆಲ್ಲ ಇಲ್ಲಿ ಚಪ್ಪಾಳೆ ತಟ್ಟಿದ್ದು ಇವಳೇ ತಾನೇ? ಮುಚ್ಚಿಡುವ ಮನಸ್ಸಿದ್ದರೆ ಎಡ, ಬಲ ಅಂತ ಯಾಕೆ ಬಿಡಿಸಿ ಬರೆದಳು? ದರ್ಜಿಗೆ ತಿಳಿದುಹೋಗುತ್ತದೆ ಅನ್ನುವುದು ಹೊಳೆಯಲಿಲ್ಲವೇ, ತಿಳಿಯಲಿ ಎಂದೇ ಬರೆದಳೇ? ಕೇಳೋಣವೆಂದರೆ ಗೆಳತಿ ದೂರವಾದಾಳು ಎಂಬ ಹೆದರಿಕೆ. ಕೇಳದಿದ್ದರೆ ಯಾರೊಂದಿಗೆ ಗೆಳೆತನ ಅನ್ನುವುದೇ ಗೊತ್ತಾಗದು.

ಅಪ್ಪನಿಗೋ ಬೇರೆಯೇ ಚಿಂತೆ. "ನಮ್ಮ ಗಿರಾಕಿಗಳು ತಗ್ಗು ಹೆಗಲಿಗೆ ಹತ್ತಿ ಇಟ್ಟು ಸಮ ಮಾಡಿ ಅಂತಾರೆ. ಹಾಗೆ ಮಾಡಿದ್ರೆ ಮುಚ್ಚಿಟ್ಟ ಹಾಗಾಗುತ್ತೆ. ಇದ್ದ ಹಾಗೇ ಕತ್ತರಿಸಿದ್ರೆ ನಮಗೆ ಗೊತ್ತಾಯ್ತು ಅಂತ ಅವಳಿಗೆ ಗೊತ್ತಾಗುತ್ತೆ. ಏನ್ಮಾಡ್ಲಿ, ನೀನೇ ಹೇಳು."

ಗುಂಡಿ ಉಗುರು ಕಚ್ಚಿದಳು. ಒಳಗೆ ಹೋದಳು, ಮತ್ತೆ ಬಂದಳು. "ನಂಗೊತ್ತಿಲ್ಲಪ್ಪ. ಅವಳು ಬರ್ದ ಹಾಗೇ ಕತ್ತರಿಸು" ಎಂದು, ಹೇಳಿದ್ದು ಸರಿಯೋ ತಪ್ಪೋ ತಿಳಿಯದೆ ಅಲ್ಲೇ ನಿಂತಳು.

ಫ್ರಾಕು ಹೋಯಿತು. ಗುಂಡಿ ದಿನಾ ಅಂಚೆಯವನ ದಾರಿ ಕಾದಳು. ಅವನು ಅವಳನ್ನು ಕಂಡ ಕೂಡಲೇ ಇಲ್ಲವೆಂದು ತಲೆಯಾಡಿಸಿ ಸೈಕಲ್ ತಿರುಗಿಸುವಷ್ಟು ರೂಢಿಯಾಯಿತು. ತಾನೇ ಕೈಯಾರೆ ಗೆಳೆತನ ಕೆಡಿಸಿದೆ ಎಂದು ಅವಳು ಆಸೆ ಬಿಟ್ಟ ಮೇಲೆ ಕಾಗದ ಬಂತು.

"ಹೆಗಲಿಂದ ಜಾರದ ಫ್ರಾಕು ನನ್ನ ಜನ್ಮದಲ್ಲಿ ಇದೇ ಮೊದಲು. ನಿನಗೆ ಈಗ ಎಲ್ಲ ಗೊತ್ತಾಗಿದೆ. ಆದರೂ ಆ ಓಟಗಳನ್ನು ಬರೆಯುವಾಗ ನನಗೆ ನಿಜವಾಗಿಯೂ ಏದುಸಿರು ಬರುತ್ತಿತ್ತು. ಇನ್ನು ಬರೆಯಲೋ, ಬೇಡವೋ?"

ಬರೆ ಎಂದರೆ ಸುಳ್ಳಿಗೆ ಕೈಜೋಡಿಸಿದಂತೆ, ಬೇಡ ಎಂದರೆ ಅವಳ ಕಾಲನ್ನೇ ಕಿತ್ತುಕೊಂಡಂತೆ. ಗುಂಡಿ ಹಾಳೆ ಹರಿದಳು, ಮತ್ತೆ ಬರೆದಳು, ಅದನ್ನೂ ಹರಿದಳು. ಕೊನೆಗೆ ಹೀಗೆ ಬರೆದು, ಮತ್ತೆ ಓದಿದರೆ ಮನಸ್ಸು ಬದಲಾದೀತೆಂದು ಬೇಗಬೇಗ ಲಕೋಟೆ ಅಂಟಿಸಿಬಿಟ್ಟಳು:

"ಬರೆ. ಆದರೆ ಒಂದೊಂದು ಸಲ ಸೋಲು."