ಕಂಬಳಿ ಗಂಟು

ಇದನ್ನು ಬರೆಯಬೇಕೆಂದು ಹಲವು ಸಲ ಕೂತು, ಪ್ರತಿ ಸಲವೂ ಬೇರೆ ಏನನ್ನೋ ಬರೆದು ಎದ್ದಿದ್ದೇನೆ. ಸೈಕಲ್ ಶಾಪ್ ನಡೆಸಿದ್ದು ಬರೆದೆ, ಹೊಳೆಯಲ್ಲಿ ಈಜು ಕಲಿತದ್ದು ಬರೆದೆ. ನಾಯಿಯ ಆಟಿಕೆಯ ವಿಷಯವನ್ನು ಮಾತ್ರ ಮುಂದಕ್ಕೆ ಹಾಕುತ್ತಲೇ ಬಂದೆ.

ನಮ್ಮದು ನ್ಯಾಮತಿ. ಸೊಸೆ ಜಗಳೂರು ಕಡೆಯವಳು. ಅವಳ ತವರುಮನೆಯ ಪಕ್ಕದಲ್ಲೇ ಕುರಿ ಹಟ್ಟಿ. ಅಲ್ಲಿ ನಾಯಿಮರಿಗೆ ಹಲ್ಲು ಬರುವಾಗ ಹಳೇ ಕಂಬಳಿಯ ತುಂಡನ್ನು ಗಂಟು ಹಾಕಿ ಕೊಡುತ್ತಾರೆ. ಅದನ್ನೇ ಕಚ್ಚಿ ಎಳೆದಾಡಿ ಬೆಳೆದ ನಾಯಿ ಮುಂದೆ ಕುರಿಗೆ ಬಾಯಿ ಹಾಕುವುದಿಲ್ಲ ಎಂಬುದು ಅವರ ನಂಬಿಕೆ. ನಮ್ಮ ಮನೆಗೆ ಮರಿ ಬಂದಾಗ ಸೊಸೆ ಹಾಗೆಯೇ ಮಾಡಿದಳು. ಬಣ್ಣ ಹಾಕದ ಕರಿ ಕಂಬಳಿ, ಮರಿಯ ಬಾಯಿಗಿಂತ ದೊಡ್ಡ ಗಂಟು. ಎಳೆ ಬಿಚ್ಚಿತೆಂದರೆ ಅದನ್ನು ತೆಗೆದುಬಿಟ್ಟು ಹೊಸದು ಕಟ್ಟುತ್ತಿದ್ದಳು. ಮರಿ ಅದರ ಮೇಲೇ ತಲೆಯಿಟ್ಟು ಮಲಗುತ್ತಿತ್ತು.

ಒಂದು ದಿನ ಸಾಸ್ವೆಹಳ್ಳಿಯಿಂದ ನನ್ನ ಭಾವಮೈದ ಬಂದ. ಒಳಗೆ ಕಾಲಿಟ್ಟವನೇ ಮೂಗು ಮುಚ್ಚಿಕೊಂಡು, "ಏನ್ ಭಾವಾರೆ, ನಡುಮನ್ಯಾಗೆ ಕುರಿ ಕಟ್ಟೀರೇನು?" ಅಂದ. ಎಲ್ಲರೂ ನಕ್ಕರು. ಸೊಸೆಯೂ ನಕ್ಕಳು. ನನಗೆ ಮಾತ್ರ ಅದು ಚುಚ್ಚಿತು.

ಮುಂದಿನ ವಾರ ಮದುವೆಗೆಂದು ಚನ್ನಗಿರಿಗೆ ಹೋದವನು ಕೆಂಪು ಪ್ಲಾಸ್ಟಿಕ್ ಮೂಳೆಯೊಂದನ್ನು ತಂದೆ. ಒತ್ತಿದರೆ ಪೀಂ ಎನ್ನುತ್ತಿತ್ತು. ಮರಿಗೆ ಹುಚ್ಚು ಹಿಡಿದಂತಾಯಿತು. ಬೀದಿಯ ಈ ತುದಿಯಿಂದ ಆ ತುದಿಯವರೆಗೂ ಪೀಂ ಪೀಂ. ಕಂಬಳಿ ಗಂಟು ಮೂಲೆಗೆ ಬಿತ್ತು. "ನೋಡಿದ್ಯೇನವ್ವ, ಅಂಗಡಿ ಸಾಮಾನು ಅಂದ್ರೆ ಹಿಂಗಿರಬೇಕು" ಎಂದು ಸೊಸೆಗೆ ಹೇಳಿದೆ.

"ಚಂದ ಐತ್ರಿ ಮಾವಾರೆ. ಆದ್ರೆ ಹಲ್ಲಿಗೆ ತಡೀತೈತೇನ್ರಿ?" ಅಂದಳು.

ತಡೆಯಲಿಲ್ಲ. ಒಂದು ಬೆಳಿಗ್ಗೆ ಹಿತ್ತಲಲ್ಲಿ ಮೂಳೆ ಸೀಳಿ ಬಿದ್ದಿತ್ತು, ಒಳಗಿನ ಪೀಪಿ ಇರಲಿಲ್ಲ. ಯಾರೂ ಎದ್ದಿರಲಿಲ್ಲ. ಮೂಳೆಯನ್ನು ತಿಪ್ಪೆಯಲ್ಲಿ ಹೂತುಹಾಕಿ ಕೈ ತೊಳೆದುಕೊಂಡೆ.

ಅವತ್ತಿನಿಂದ ಮರಿ ಅನ್ನ ಬಿಟ್ಟಿತು. ಹೊಟ್ಟೆ ಉಬ್ಬಿತು. ಆಟೋದಲ್ಲಿ ಹೊನ್ನಾಳಿಯ ದನದ ಆಸ್ಪತ್ರೆಗೆ ಒಯ್ದೆವು. ದಾರಿಯುದ್ದಕ್ಕೂ ಅದು ಸೊಸೆಯ ಮಡಿಲಲ್ಲಿತ್ತು. ನನ್ನ ಹೆಂಡತಿ ಸುಮ್ಮನಿರಲಿಲ್ಲ. "ನಿನ್ನ ಉಣ್ಣೇನೇ ನುಂಗೈತೆ ಕಣೆ. ಬ್ಯಾಡ ಬ್ಯಾಡ ಅಂದ್ರೆ ಕೇಳ್ತೀಯೇನು?" ಸೊಸೆ ಮರಿಯ ಕಿವಿ ಸವರುತ್ತ ಕೂತಿದ್ದಳು.

ಡಾಕ್ಟರು ಅವರಿಬ್ಬರನ್ನೂ ಹೊರಗಿನ ಬೆಂಚಿನಲ್ಲಿ ಕೂರಿಸಿ, ಮರಿಯನ್ನು ಹಿಡಿದುಕೊಳ್ಳಲು ನನ್ನೊಬ್ಬನನ್ನೇ ಒಳಗೆ ಕರೆದರು. ಇಂಜೆಕ್ಷನ್ ಕೊಟ್ಟ ಸ್ವಲ್ಪ ಹೊತ್ತಿಗೆ ಮರಿ ಕಕ್ಕಿತು. ಬಿಳಿ ನೊರೆಯ ಜೊತೆಗೆ ಆ ಪೀಪಿ.

"ನೋಡ್ರಿ ಯಜಮಾನ್ರೆ, ಪ್ಲಾಸ್ಟಿಕ್. ಇಂಥವೆಲ್ಲ ಕೊಡಬ್ಯಾಡ್ರಿ. ಇನ್ನೊಂದು ದಿನ ತಡ ಮಾಡಿದ್ರೆ ಉಳೀತಿರಲಿಲ್ಲ" ಅಂದರು ಡಾಕ್ಟರು.

ಮರಿಯನ್ನು ಎದೆಗವಚಿಕೊಂಡು ಹೊರಗೆ ಬಂದೆ. ಹೆಂಡತಿ ಎದ್ದು ನಿಂತು, "ಉಣ್ಣೇನೇ ಅಲ್ವೇನ್ರೀ?" ಅಂತ ಕೇಳಿದಳು.

ನಾನು "ಹ್ಞೂಂ" ಅಂದೆ.

ಸೊಸೆ ನನ್ನ ಮುಖ ನೋಡಲಿಲ್ಲ. ಮರಿಯ ಮೂತಿಯನ್ನು ಸೆರಗಿನಿಂದ ಒರೆಸಿ, "ತಪ್ಪಾತು ಕಂದ" ಅಂದಳು. ಮನೆಗೆ ಬಂದವಳೇ ಕಟ್ಟಿಟ್ಟಿದ್ದ ಗಂಟುಗಳನ್ನೆಲ್ಲ ಹುಡುಕಿ ನೀರೊಲೆಗೆ ಹಾಕಿದಳು. ಸುಟ್ಟ ಉಣ್ಣೆಯ ವಾಸನೆ ಮನೆಯಲ್ಲೆಲ್ಲ ತುಂಬಿತು. ನಾನು ಜಗುಲಿಯಲ್ಲಿ ಪೇಪರ್ ಓದುತ್ತಿದ್ದೆ, ಅಥವಾ ಹಿಡಿದುಕೊಂಡಿದ್ದೆ.

ಅಲ್ಲಿಂದೀಚೆಗೆ ಅವಳು ಆ ನಾಯಿಗೆ ಅನ್ನ ಹಾಕಿದಳು, ಸ್ನಾನ ಮಾಡಿಸಿದಳು, ಆಟಕ್ಕೆಂದು ಮಾತ್ರ ತನ್ನ ಕೈಯಿಂದ ಏನನ್ನೂ ಕೊಡಲಿಲ್ಲ. ಆಡಿಸುವ ಕೆಲಸ ನನ್ನದಾಯಿತು. ಅಂಗಡಿಯಲ್ಲಿ ಆಟಿಕೆ ಹಿಡಿದರೆ ಮೊದಲು ಮೂಸಿ ನೋಡುತ್ತಿದ್ದೆ, ಪ್ಲಾಸ್ಟಿಕ್ಕಿನ ಘಾಟು ಬಂದರೆ ವಾಪಸ್ಸು. ಅಂಟಿಸಿದ ಕಣ್ಣು, ಗುಂಡಿ ಇದ್ದರೆ ಬೇಡ. ಹತ್ತಿ ಹಗ್ಗ ತಂದರೆ ನೀರಿನಲ್ಲಿ ನೆನೆಸಿ, ಬಣ್ಣ ಬಿಡದಿದ್ದರೆ ಮಾತ್ರ ಕೊಡುತ್ತಿದ್ದೆ. "ಹೆಣ್ಣು ನೋಡಾಕೂ ಇಷ್ಟು ವಿಚಾರಿಸಲಿಲ್ವಲ್ಲ ಈ ಯಪ್ಪ" ಎಂದು ಹೆಂಡತಿ ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದಳು.

ಆ ನಾಯಿ ವಯಸ್ಸಾಗಿ ತೀರಿಹೋಯಿತು. ಈ ವರ್ಷ ಕೆರೆಬಿಳಚಿಯ ಬಂಧುಗಳು ಇನ್ನೊಂದು ಮರಿ ಕೊಟ್ಟರು. ನಾನು ಬಸ್ಸು ಹತ್ತಿ ಜಗಳೂರಿಗೆ ಹೋಗಿ, ಹಟ್ಟಿಯವರೊಬ್ಬರನ್ನು ಕೇಳಿ ಹಳೇ ಕಂಬಳಿಯೊಂದನ್ನು ತಂದೆ. ಸೊಸೆಯ ಮುಂದಿಟ್ಟೆ. ಅವಳು ಅದನ್ನು ಮುಖಕ್ಕೆ ಹಿಡಿದು ಉಸಿರೆಳೆದಳು. ತವರಿನ ವಾಸನೆ ಇರಬೇಕು, ಕಣ್ಣು ಮುಚ್ಚಿದಳು. ಆಮೇಲೆ ಮಡಚಿ ನನ್ನ ಕೈಗೇ ವಾಪಸ್ಸು ಕೊಟ್ಟಳು.

"ಬ್ಯಾಡ್ರಿ ಮಾವಾರೆ. ನನ್ನ ಕೈದು ಬ್ಯಾಡ. ಮತ್ತೆ ಏನಾರ ಆದ್ರೆ?"

"ಅವ್ವ, ಅವತ್ತು..." ಅಂದೆ.

"ಏನ್ರಿ?"

ಮಾವ ಸೊಸೆಯ ಮುಂದೆ ತಪ್ಪಾಯಿತು ಅಂದದ್ದನ್ನು ನಮ್ಮ ಮನೆತನದಲ್ಲಿ ನಾನು ಕೇಳಿಲ್ಲ. ಅದು ನೆಪ ಎಂದು ನನಗೆ ಗೊತ್ತು. ಬಾಯಿಂದ ಬಂದದ್ದು, "ಚಾ ಐತೇನವ್ವ?"

ಅವಳು ಚಾ ತರುವಷ್ಟರಲ್ಲಿ ನಾನೇ ಕತ್ತರಿಸಿ ಗಂಟು ಹಾಕಲು ಕೂತೆ. ಬರಲಿಲ್ಲ. ಮರಿ ಒಂದು ತುದಿ ಎಳೆದರೆ ಪೂರ್ತಿ ಬಿಚ್ಚಿಕೊಳ್ಳುತ್ತಿತ್ತು. ಅವಳು ಬಾಗಿಲಿಗೆ ಒರಗಿ ನೋಡುತ್ತ ನಿಂತಳು.

"ಹಂಗಲ್ರಿ. ಒಳಗಿಂದ ತಗೀರಿ. ಹ್ಞಾಂ, ಇನ್ನೊಂದು ಸುತ್ತು. ಕಾಲಾಗೆ ಒತ್ತಿ ಹಿಡ್ಕೊಂಡು ಜಗ್ಗಿರಿ." ನನ್ನ ಅವಸ್ಥೆ ನೋಡಿ ನಗು ಬಂದು ಬಾಯಿಗೆ ಸೆರಗು ಹಿಡಿದಳು. "ಸೈಕಲ್ ಟೈರ್ ಅಲ್ರಿ ಅದು, ಮಾವಾರೆ!"

ಹೇಳಿಕೊಟ್ಟಳು, ಆದರೆ ಕೈ ಮುಂದೆ ಮಾಡಲಿಲ್ಲ. ಗಂಟು ನಿಂತಿತು. ಮರಿ ಅದನ್ನು ಕಚ್ಚಿಕೊಂಡು ಹೋಗಿ ಅವಳ ಪಾದದ ಮೇಲೆ ಇಟ್ಟಿತು. ಅವಳು ಬಗ್ಗಿ ಮರಿಯ ತಲೆಯನ್ನಷ್ಟೇ ಸವರಿದಳು.

ಹೆಂಡತಿಗೆ ಆಮೇಲೆ ಎಲ್ಲವನ್ನೂ ಹೇಳಿದೆ. ಅವಳು "ನನಗ್ಯಾಕೆ ಹೇಳ್ತೀರಿ?" ಅಂದಳು. ಮಗನಿಗೂ ಹೇಳಿದ್ದೇನೆ, ಈಗ ನಿಮಗೂ ಹೇಳಿದೆ. ಇನ್ನೂ ಹೇಳದೆ ಉಳಿದಿರುವುದು ಒಬ್ಬಳಿಗೆ, ನಾನು ಕೆಮ್ಮಿದರೆ ನೀರು ತಂದುಕೊಡುವವಳಿಗೆ, ನನ್ನ ಸೊಸೆಗೆ.